ಎಡಗಡೆ ಕುಳಿತು ಓದು

ಭಾಗಮಂಡಲ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಊರಿನ ಸುದ್ದಿಯನ್ನೆಲ್ಲ ನಿನ್ನ ದೊಡ್ಡಮ್ಮ ಫೋನಿನಲ್ಲಿ ಹೇಳಿ ಮುಗಿಸಿದ್ದಾಳೆ, ಮತ್ತೆ ಬರೆಯುವುದಿಲ್ಲ. ನೀನು ಕೊಳ್ಳಲು ಹೊರಟಿರುವ ವಿಂಚೆಸ್ಟರ್ 94 ಕೋವಿಯ ಬಗ್ಗೆ ನಿನ್ನ ಪತ್ರದ ಒಂದೇ ಸಾಲು ಮೂರು ರಾತ್ರಿಯಿಂದ ನಿದ್ದೆ ಕೆಡಿಸಿದೆ. ‘ಇದಕ್ಕೆ ಸೇಫ್ಟಿ ಗುಂಡಿ ಇಲ್ಲ ದೊಡ್ಡಪ್ಪಾ, ತೋಟೆ ಸಿಡಿಸಲು ಬಡಿಯುವ ಕುದುರೆಯನ್ನು ಹೆಬ್ಬೆರಳಿನಲ್ಲಿ ಹಿಡಿದು ಮೆಲ್ಲಗೆ ಇಳಿಸಿದರಾಯಿತು’ ಎಂದು ಬರೆದಿದ್ದೀಯ. ಇಳಿಸಿದರಾಯಿತು!

ವಿಂಚೆಸ್ಟರ್ 94 ಕೆಟ್ಟ ಕೋವಿ ಎಂದು ನಾನು ಹೇಳುವುದಿಲ್ಲ. ಜಾನ್ ಬ್ರೌನಿಂಗ್ ರೂಪಿಸಿ ನೂರಿಪ್ಪತ್ತು ವರ್ಷ ದಾಟಿದ ಮೇಲೂ ನಿನ್ನ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಅದು ಜಿಂಕೆ ಹೊಡೆಯುತ್ತಿದೆಯೆಂದರೆ ಅದರಲ್ಲಿ ಸತ್ತ್ವವಿದೆ. 1964ಕ್ಕಿಂತ ಹಿಂದಿನದಕ್ಕೆ ಜನ ಹೆಚ್ಚು ಹಣ ಕೊಡುವುದೂ ಸುಮ್ಮನೆ ಅಲ್ಲ. ಆದರೆ ಅದನ್ನು ಖಾಲಿ ಮಾಡುವ ಬಗೆಯನ್ನು ಮೊಮ್ಮಗನ ಮೊಬೈಲಿನಲ್ಲಿ ನೋಡಿದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ ಸಾಲಾಗಿರುವ ತೋಟೆ ಒಂದೊಂದಕ್ಕೂ ಟ್ರಿಗರಿನ ಸುತ್ತಲಿನ ಲಿವರ್ ಆಡಿಸಬೇಕು; ಆಡಿಸಿದಾಗಲೆಲ್ಲ ತೋಟೆ ನಳಿಗೆಗೆ ಹೋಗುತ್ತದೆ, ಕುದುರೆ ಏರಿ ನಿಲ್ಲುತ್ತದೆ. ಚಳಿಗೆ ಬೆರಳು ಮರಗಟ್ಟಿ, ಏಳು ವರ್ಷದ ಪುಟ್ಟಿ ಅಪ್ಪಾ ಎಂದು ಓಡಿ ಬರುವ ಹೊತ್ತಿಗೆ ಮಾಡುವ ಕೆಲಸವೇ ಅದು?

ಕೊಡಗಿನ ಜಮ್ಮಾ ಭೂಮಿಯ ಮನೆಯಲ್ಲಿ ಹುಟ್ಟಿದ ನಮಗೆ ಕೋವಿಯೆಂದರೆ ಸಲಿಗೆ. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ದಿನ ನಳಿಗೆಗೆ ತೋಕ್ ಹೂ ಸಿಕ್ಕಿಸಿ ಕೈ ಮುಗಿಯುತ್ತೇವೆ, ಮರುದಿನ ಅದನ್ನು ಬಾಗಿಲ ಸಂದಿಗೆ ಒರಗಿಸುತ್ತೇವೆ. ಗದ್ದೆಗೆ ಹಂದಿ ಇಳಿದ ಆ ರಾತ್ರಿ ನನಗೂ ಅದೇ ಸಲಿಗೆ. ಹಂದಿ ಸಿಗಲಿಲ್ಲ. ಮಳೆಯಲ್ಲಿ ನಿಂತು ಜೋಡುನಳಿಗೆಯ ಕುದುರೆಗಳನ್ನು ಇಳಿಸಲು ಹೋದೆ. ಎಡಗಡೆಯದು ಇಳಿಯಿತು. ಬಲಗಡೆಯದು ಒದ್ದೆ ಹೆಬ್ಬೆರಳಿನ ಅಡಿಯಿಂದ ಜಾರಿತು. ನಿನ್ನ ಅಪ್ಪ ಒಂದು ಮಾರು ದೂರದಲ್ಲಿ ಲಾಟೀನು ಹಿಡಿದು ನಿಂತಿದ್ದ.

ಉಳಿದದ್ದು ನಿಮಗೆಲ್ಲ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಕುದುರೆ ಸವೆದಿತ್ತು, ತಾನಾಗಿಯೇ ಬಿತ್ತು ಎಂದು ನಿನ್ನ ಅಜ್ಜನಿಗೆ ನಾನು ಹೇಳಿದ್ದು ಸುಳ್ಳು. ಅವರು ನಂಬಿದರು, ಕೋವಿಯನ್ನು ಸಿಕ್ಕಿದ ಬೆಲೆಗೆ ಮಾರಿದರು. ಕೊಳ್ಳಲು ಬಂದವರು ಅದನ್ನು ಎತ್ತಿ, ಎಳೆದು, ಬೆಳಕಿಗೆ ಹಿಡಿದು, ‘ಇದರಲ್ಲಿ ಏನೂ ದೋಷ ಕಾಣುವುದಿಲ್ಲವಲ್ಲ’ ಎಂದರು. ನಾನು ಅಂಗಳದಲ್ಲಿ ತಲೆ ಎತ್ತದೆ ಕಾಫಿ ಹರಡುತ್ತಿದ್ದೆ.

ಲಿವರ್ ಕೋವಿಯನ್ನು ಕೈಯಲ್ಲಿ ಹಿಡಿಯದ ನಾನು ನಿನಗೆ ಹೇಳುವುದು ಅಧಿಕಪ್ರಸಂಗವೇ. ಆದರೂ, ಖಾಲಿಯೆಂದು ಎರಡು ಸಲ ನೋಡಿಕೊಂಡು, ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ, ಲಿವರ್ ಬಿಗಿಯಾಗಿ ಹಿಡಿದು ಟ್ರಿಗರ್ ಒತ್ತಿ ನೋಡು. ಕುದುರೆ ಬಿದ್ದರೆ ಕೋವಿಯನ್ನು ಅಲ್ಲಿಯೇ ಬಿಟ್ಟು ಬಾ. ಸ್ಕ್ರೂಗಳ ತಲೆ ಕಿತ್ತುಹೋಗಿದ್ದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಕೊಳವೆಗೆ ಚೂಪು ಮೂತಿಯ ತೋಟೆ ತುಂಬಬಾರದು, ಮುಂದಿನದರ ಹಿಂಬದಿಯ ಕೇಪಿಗೆ ತಾಗಿ ಸಿಡಿದೀತು. ನಿನಗೆ ಗೊತ್ತಿರುತ್ತದೆ ಬಿಡು. ಇಂಥದ್ದೇ ಲಿವರ್ ಕೋವಿಯಾದ ಈಚಿನ ಮಾರ್ಲಿನ್ 336ಕ್ಕೆ ಅಡ್ಡಕ್ಕೆ ಒತ್ತುವ ಸೇಫ್ಟಿ ಇದೆ. ಹಳಬರು ಅದನ್ನು ಹಳಿಯುತ್ತಾರೆ, ಹಳಿಯಲಿ. ಅದಿದ್ದರೂ ಹೆಬ್ಬೆರಳು ನಿನ್ನದೇ ಅಲ್ಲವೇ, ನನ್ನ ಭಯ ಅಲ್ಲಿಗೇ ಬಂದು ನಿಲ್ಲುತ್ತದೆ.

ಕೊಳ್ಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಿನ್ನ ಅಪ್ಪ ಇನ್ನೂ ಎರಡು ತಿಂಗಳು ಅಲ್ಲಿಯೇ ಇರುತ್ತಾನಲ್ಲ, ಈ ಪತ್ರವನ್ನು ಅವನಿಗೆ ನೀನೇ ಓದಿ ಹೇಳು. ಎಡಗಡೆ ಕುಳಿತು ಓದು.

ನಿನ್ನ ದೊಡ್ಡಪ್ಪ