ಆಮೆಗೆ ಟ್ಯಾಂಕ್ ಕಟ್ಟುವ ಮುನ್ನ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ಎಲ್ಲರಿಗೂ ನಮಸ್ಕಾರ.

ನವೆಂಬರ್ ಮೊದಲ ವಾರ ನಮ್ಮ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಆಮೆ ಬರುತ್ತಿದೆ. ಆರನೇ ತರಗತಿಯ ಒಂದು ಮಗುವಿನ ಕುಟುಂಬ ಬೆಂಗಳೂರು ಬಿಟ್ಟು ಬೇರೆ ಊರಿಗೆ ಹೊರಟಿದೆ. ಮನೆಯಲ್ಲಿ ಬೆಳೆದ ಆಮೆಯನ್ನು ಶಾಲೆಯಲ್ಲಿ ಇಟ್ಟುಕೊಳ್ಳಲು ಆಗುತ್ತದಾ ಎಂದು ಅವರು ಕೇಳಿದರು. ಶಿಕ್ಷಕರೆಲ್ಲ ಕೂತು ಮಾತಾಡಿ ಒಪ್ಪಿಕೊಂಡೆವು. ಒಂದೇ ಒಂದು ಷರತ್ತು ಹಾಕಿಕೊಂಡೆವು. ಮೊದಲು ಟ್ಯಾಂಕ್ ಸಿದ್ಧವಾಗಬೇಕು, ಆಮೇಲೆ ಆಮೆ ಬರಬೇಕು.

ಈಗ ಟ್ಯಾಂಕಿನಲ್ಲಿ ನೀರಿದೆ, ಫಿಲ್ಟರ್ ಓಡುತ್ತಿದೆ, ಲೈಟ್ ಉರಿಯುತ್ತಿದೆ. ಆಮೆ ಮಾತ್ರ ಇಲ್ಲ. ಮಕ್ಕಳು ದಿನಾ ಬಂದು ಇಣುಕಿ, "ಯಾವಾಗ ಬರುತ್ತೆ ಮೇಡಂ?" ಅಂತ ಕೇಳುತ್ತಾರೆ. ಖಾಲಿ ನೀರನ್ನು ಯಾಕೆ ಇಷ್ಟು ದಿನ ಓಡಿಸುತ್ತಿದ್ದೇವೆ ಎಂಬುದನ್ನು ಈ ಪತ್ರದಲ್ಲಿ ಹೇಳುತ್ತೇನೆ. ಈ ಪತ್ರ ಬರೆಯಲು ಇನ್ನೊಂದು ಕಾರಣವೂ ಇದೆ. "ಯಾರ ಮನೆಯಲ್ಲಿ ಆಮೆ ಇದೆ?" ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಕೇಳಿದಾಗ ತುಂಬಾ ಕೈಗಳು ಮೇಲೆದ್ದವು. ಆ ಆಮೆಗಳಲ್ಲಿ ಹೆಚ್ಚಿನವು ಪ್ಲಾಸ್ಟಿಕ್ ಡಬ್ಬದಲ್ಲಿವೆ. ಒಂದು ಪುಟ್ಟ ಹಸಿರು ತೆಂಗಿನ ಮರದ ಬೊಂಬೆ, ಎರಡು ಬೆರಳಿನಷ್ಟು ನೀರು, ಒಂದು ಹಿಡಿ ಬಣ್ಣದ ಕಲ್ಲು. ಅಂಗಡಿಯವರು ಹಾಗೇ ಕೊಡುತ್ತಾರೆ. ಅಷ್ಟು ಸಾಕು ಎಂದು ನೀವು ನಂಬಿದ್ದರೆ ಅದು ನಿಮ್ಮ ತಪ್ಪಲ್ಲ.

ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಆಮೆ ಬಹುಪಾಲು ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕಿವಿಯ ಜಾಗದಲ್ಲಿ ಕೆಂಪು ಪಟ್ಟೆ ಇರುತ್ತದೆ. ಇದರ ಮೂಲ ಅಮೆರಿಕದ ಮಿಸಿಸಿಪ್ಪಿ ನದಿಯ ಕಣಿವೆ. ಮರಿ ಇದ್ದಾಗ ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ಆದರೆ ಹೆಣ್ಣಾಮೆಯ ಚಿಪ್ಪು 25 ಸೆಂಟಿಮೀಟರ್ ದಾಟುತ್ತದೆ. ಗಂಡು ಅದಕ್ಕಿಂತ ಚಿಕ್ಕದು. ಚೆನ್ನಾಗಿ ನೋಡಿಕೊಂಡರೆ 30 ವರ್ಷ ಬದುಕಬಲ್ಲದು. ಇವತ್ತು ಎರಡನೇ ತರಗತಿಯಲ್ಲಿರುವ ನಿಮ್ಮ ಮಗಳು ಕೆಲಸಕ್ಕೆ ಸೇರಿ, ಮದುವೆಯಾಗಿ, ಅವಳ ಮಗು ಶಾಲೆಗೆ ಹೋಗುವಾಗಲೂ ಈ ಆಮೆ ಮನೆಯಲ್ಲಿ ಇರಬಹುದು. "ಚಿಕ್ಕ ಡಬ್ಬದಲ್ಲಿಟ್ಟರೆ ಚಿಕ್ಕದಾಗೇ ಇರುತ್ತೆ" ಅಂತ ಅಂಗಡಿಯಲ್ಲಿ ಹೇಳುತ್ತಾರಲ್ವಾ, ದಯವಿಟ್ಟು ಅದನ್ನು ನಂಬಬೇಡಿ. ಡಬ್ಬ ಚಿಕ್ಕದಾದರೆ ಆಮೆ ಕಾಯಿಲೆ ಬೀಳುತ್ತದೆ, ಚಿಪ್ಪು ಸೊಟ್ಟಗಾಗುತ್ತದೆ. ಆರೋಗ್ಯವಾಗಿದ್ದುಕೊಂಡು ಚಿಕ್ಕದಾಗಿ ಉಳಿಯುವುದಿಲ್ಲ.

ಹಾಗಾಗಿ ಟ್ಯಾಂಕನ್ನು ಇವತ್ತಿನ ಮರಿಗಲ್ಲ, ನಾಳೆ ಬೆಳೆದು ನಿಲ್ಲುವ ಆಮೆಗೆ ಕಟ್ಟಬೇಕು. ಸಾಕುವವರ ನಡುವೆ ಒಂದು ಸುಲಭದ ಲೆಕ್ಕವಿದೆ. ಚಿಪ್ಪಿನ ಪ್ರತಿ ಒಂದು ಇಂಚಿಗೆ ಸುಮಾರು 38 ಲೀಟರ್ ನೀರು. ನಮಗೆ ಬರುವ ಆಮೆಯ ಚಿಪ್ಪು 8 ಇಂಚು, ಅಂದರೆ ಕನಿಷ್ಠ 300 ಲೀಟರ್ ಬೇಕು. ಇನ್ನೂ ಬೆಳೆಯುತ್ತದೆ ಎಂದು ನಾವು 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಗಾಜಿನ ಟ್ಯಾಂಕ್ ಮಾಡಿಸಿದೆವು. ಅದರಲ್ಲಿ 40 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ಸುಮಾರು 370 ಲೀಟರ್ ಆಗುತ್ತದೆ. ನೀರಿನ ಆಳ ಚಿಪ್ಪಿನ ಉದ್ದದ ಎರಡರಷ್ಟು ಇದ್ದರೆ ಆಮೆ ಸರಾಗವಾಗಿ ಈಜುತ್ತದೆ. ಆಳ ತೀರಾ ಕಡಿಮೆಯಾದರೆ, ಅಂಗಾತ ಬಿದ್ದ ಆಮೆ ಮಗುಚಿಕೊಳ್ಳಲಾಗದೆ ಮುಳುಗಿ ಸಾಯಬಹುದು. ನೀರಲ್ಲಿ ಬದುಕುವ ಪ್ರಾಣಿಯಾದರೂ ಅದು ಉಸಿರಾಡುವುದು ಶ್ವಾಸಕೋಶದಿಂದಲೇ.

370 ಲೀಟರ್ ನೀರು ಎಂದರೆ 370 ಕಿಲೋ ತೂಕ. ಗಾಜು, ಸ್ಟ್ಯಾಂಡು ಬೇರೆ. ಅದಕ್ಕೇ ನೆಲಮಹಡಿಯ ಕೊಠಡಿಯಲ್ಲಿ ಇಟ್ಟಿದ್ದೇವೆ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಇಷ್ಟು ಭಾರ ಇಡುವ ಮುಂಚೆ ಎಂಜಿನಿಯರ್ ಒಬ್ಬರನ್ನು ಕೇಳಲೇಬೇಕು. ಗಾಜಿನ ಟ್ಯಾಂಕ್ ದುಬಾರಿ ಅನ್ನಿಸಿದರೆ ಚಿಂತೆ ಬೇಡ. 500 ಲೀಟರಿನ ಪ್ಲಾಸ್ಟಿಕ್ ನೀರಿನ ಟ್ಯಾಂಕಿನ ಮೇಲ್ಭಾಗ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದರೆ ಆಮೆಗೆ ಗಾಜಿನ ಮನೆಗಿಂತ ಏನೂ ಕಡಿಮೆಯಿಲ್ಲ. ಹಿತ್ತಿಲಿನಲ್ಲಿ ಸಿಮೆಂಟ್ ತೊಟ್ಟಿ ಇರುವವರಂತೂ ಅದೃಷ್ಟವಂತರು. ಬೆಕ್ಕು, ನಾಯಿ, ಹದ್ದು ಬರದಂತೆ ಮೇಲೆ ಜಾಲರಿ ಹಾಕಿ, ಅರ್ಧ ಭಾಗಕ್ಕೆ ನೆರಳು ಮಾಡಿ.

ಇನ್ನು ನಾನು ತುಂಬಾ ಒತ್ತಿ ಹೇಳಬೇಕಾದ ಮಾತು ಬಿಸಿಲಿನದು. ಸ್ಲೈಡರ್ ದಿನಾ ಗಂಟೆಗಟ್ಟಲೆ ನೀರಿನಿಂದ ಹೊರಬಂದು ಪೂರ್ತಿ ಒಣಗಬೇಕು. ಹೊಟ್ಟೆಯ ಕೆಳಗಿನ ಚಿಪ್ಪೂ ಒಣಗಬೇಕು. ಯಾವಾಗಲೂ ಒದ್ದೆಯಾಗೇ ಇದ್ದರೆ ಚಿಪ್ಪು ಕೊಳೆಯುತ್ತದೆ. ಬಿಸಿಲಿನಲ್ಲಿರುವ ಯುವಿಬಿ ಕಿರಣ ಬಿದ್ದರೆ ಮಾತ್ರ ಅದರ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ. ಕ್ರಮೇಣ ಚಿಪ್ಪು ಒತ್ತಿದರೆ ತಗ್ಗುವಷ್ಟು ಮೆತ್ತಗಾಗುತ್ತದೆ. ಕಿಟಕಿ ಪಕ್ಕ ಇಟ್ಟಿದ್ದೇವಲ್ಲ ಎಂದು ಕೆಲವರು ಹೇಳಿದರು. ಗಾಜು ಯುವಿಬಿ ಕಿರಣವನ್ನು ಬಹುಪಾಲು ತಡೆದುಬಿಡುತ್ತದೆ. ಶಾಖ ಮಾತ್ರ ಒಳಗೆ ಬರುತ್ತದೆ. ಏಪ್ರಿಲ್ ಬಿಸಿಲಿಗೆ ಚಿಕ್ಕ ಟ್ಯಾಂಕಿನ ನೀರು ಕಾದು ಆಮೆ ಸತ್ತೇಹೋಗಬಹುದು.

ನಮ್ಮ ಟ್ಯಾಂಕಿನ ಮೇಲೆ ಬಡಗಿಯವರಿಂದ ಒಂದು ಅಟ್ಟ ಮಾಡಿಸಿದ್ದೇವೆ. ಟ್ಯಾಂಕಿನೊಳಗೇ ಒಣ ಜಾಗ ಮಾಡಿದ್ದರೆ ಅಂಚು ಹಿಡಿದು ಹತ್ತಿ ಆಚೆ ಬಿದ್ದುಬಿಡುತ್ತಿತ್ತು. ಸ್ಲೈಡರ್‌ಗಳು ಹತ್ತುವುದರಲ್ಲಿ ಗಟ್ಟಿಗರು. ನೀರಿನಿಂದ ಅಟ್ಟಕ್ಕೆ ಇಳಿಜಾರು ಹಲಗೆ ಇದೆ. ಉಗುರು ಜಾರದಂತೆ ಅದರ ಮೇಲೆ ಒರಟು ಮ್ಯಾಟ್ ಅಂಟಿಸಿದ್ದೇವೆ. ಅಟ್ಟದ ಮೇಲೆ ಎರಡು ದೀಪ. ಒಂದು ಶಾಖಕ್ಕೆ. ಅದರ ಕೆಳಗೆ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಇನ್ನೊಂದು ಸರೀಸೃಪಗಳಿಗೆಂದೇ ಮಾಡಿದ ಯುವಿಬಿ ಟ್ಯೂಬ್. ಮೀನಿನ ಟ್ಯಾಂಕಿಗೆ ಹಾಕುವ ಬಿಳಿ ಎಲ್‌ಇಡಿ ಇದಕ್ಕೆ ಬರುವುದಿಲ್ಲ. ದೀಪಕ್ಕೂ ಆಮೆಗೂ ನಡುವೆ ಗಾಜಾಗಲಿ ಪ್ಲಾಸ್ಟಿಕ್ ಆಗಲಿ ಇರಬಾರದು. ಈ ಟ್ಯೂಬ್ ಉರಿಯುತ್ತಲೇ ಇದ್ದರೂ ಕಿರಣ ದಿನೇ ದಿನೇ ಕಡಿಮೆಯಾಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಾಯಿಸಬೇಕು. ಹೊಸದು ಹಾಕಿದ ತಾರೀಕನ್ನು ಟ್ಯೂಬಿನ ಪಕ್ಕದಲ್ಲೇ ಬರೆದು ಅಂಟಿಸಿದ್ದೇವೆ. ಟೈಮರ್ ಇಟ್ಟಿರುವುದರಿಂದ ಬೆಳಗ್ಗೆ 7ಕ್ಕೆ ಹತ್ತಿ ಸಂಜೆ 6ಕ್ಕೆ ತಾನಾಗಿ ಆರುತ್ತದೆ.

ಆಮೆ ಬಿಸಿಲು ಕಾಯುವುದನ್ನು ಮಕ್ಕಳು ನೋಡಬೇಕೆಂದು ನನಗೆ ಬಹಳ ಆಸೆ. ಕುತ್ತಿಗೆಯನ್ನು ಉದ್ದಕ್ಕೆ ಚಾಚುತ್ತದೆ. ಹಿಂಗಾಲು ಎರಡನ್ನೂ ಹಿಂದಕ್ಕೆ ನೀಡಿ ಬೆರಳುಗಳ ನಡುವಿನ ಪೊರೆಯನ್ನು ಬಿಡಿಸುತ್ತದೆ. ಕಣ್ಣು ಮುಚ್ಚಿ ಅಲ್ಲಾಡದೆ ಕೂರುತ್ತದೆ. ಮೊದಲ ಸಲ ನೋಡಿದವರು ಸತ್ತಿದೆ ಅಂದುಕೊಳ್ಳುತ್ತಾರೆ. ಬೆಳೆಯುವಾಗ ಚಿಪ್ಪಿನ ತುಂಡುಗಳ ಮೇಲಿಂದ ಅಭ್ರಕದ ಹಾಳೆಯಂಥ ತೆಳು ಪದರ ಎದ್ದು ಬರುತ್ತದೆ. ಅದು ಕಾಯಿಲೆಯಲ್ಲ, ಕಿತ್ತು ತೆಗೆಯಲೂ ಬಾರದು.

ಈಗ ಖಾಲಿ ಟ್ಯಾಂಕಿನ ವಿಷಯ. ಆಮೆ ಮೀನಿಗಿಂತ ತುಂಬಾ ಜಾಸ್ತಿ ಗಲೀಜು ಮಾಡುತ್ತದೆ. ಅದರ ಹೇಸಿಗೆಯಿಂದ ನೀರಿನಲ್ಲಿ ಅಮೋನಿಯಾ ಸೇರುತ್ತದೆ, ಕಣ್ಣು ಚರ್ಮ ಉರಿಯುತ್ತದೆ. ಒಳ್ಳೆಯ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ಅಷ್ಟೇನೂ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. ಇವು ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಅವನ್ನು ಬೆಳೆಸುತ್ತಿದ್ದೇವೆ. ಎಂಟನೇ ತರಗತಿಯವರು ವಾರಕ್ಕೊಮ್ಮೆ ಕಿಟ್ ತಂದು ನೀರು ಪರೀಕ್ಷಿಸಿ ಗೋಡೆಯ ಮೇಲೆ ಗ್ರಾಫ್ ಬರೆಯುತ್ತಿದ್ದಾರೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೇ ಆಮೆ ಬರುತ್ತದೆ. ರಸಾಯನಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ.

ಟ್ಯಾಂಕಿನಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ನೀರಿಗೆಂದು ಮಾಡಿದ ಫಿಲ್ಟರ್ ಆರಿಸಬೇಕು. ನಾವು ಹೊರಗೆ ಇಡುವ ಕ್ಯಾನಿಸ್ಟರ್ ಫಿಲ್ಟರ್ ತಂದಿದ್ದೇವೆ. ಅದರ ಮೇಲೂ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಬೇಕು. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಕಳೆಯುವ ದ್ರಾವಣ ಹಾಕಿಯೇ ಬಳಸಿ. ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆಯಬೇಡಿ. ಅಷ್ಟು ದಿನ ಬೆಳೆಸಿದ ಬ್ಯಾಕ್ಟೀರಿಯಾ ಅಲ್ಲಿಗೆ ಮುಗಿಯಿತು. ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿದರೆ ಸಾಕು. ಆ ನೀರು ಹೂವಿನ ಗಿಡಕ್ಕೆ ಒಳ್ಳೆಯ ಗೊಬ್ಬರ.

ನೀರು 25 ಡಿಗ್ರಿ ಆಸುಪಾಸು ಇರಲಿ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮೂರಿನ ನೀರು ಅದಕ್ಕಿಂತ ತುಂಬಾ ತಣ್ಣಗಾಗುತ್ತದೆ. ಆಗ ಆಮೆ ತಿನ್ನುವುದು ಬಿಡುತ್ತದೆ, ಶ್ವಾಸಕೋಶದ ಸೋಂಕು ಬರುತ್ತದೆ. ಒಂದು ಪಕ್ಕಕ್ಕೆ ವಾಲಿಕೊಂಡು ಈಜಿದರೆ, ಮೂಗಿನಲ್ಲಿ ಗುಳ್ಳೆ ಬಂದರೆ ಕೂಡಲೇ ವೈದ್ಯರಿಗೆ ತೋರಿಸಿ. ಹೀಟರಿಗೆ ಪ್ಲಾಸ್ಟಿಕ್ ಕವಚ ಇರಬೇಕು, ಆಮೆ ಡಿಕ್ಕಿ ಹೊಡೆದು ಗಾಜು ಒಡೆಯುತ್ತದೆ. ಟ್ಯಾಂಕಿಗೆ ಕೈ ಹಾಕುವ ಮುಂಚೆ ಎಲ್ಲ ಸ್ವಿಚ್ಚುಗಳನ್ನೂ ಆಫ್ ಮಾಡಿ. ಇದನ್ನು ಮಕ್ಕಳಿಗೆ ಬಿಡಬೇಡಿ.

ತಳದಲ್ಲಿ ಸಣ್ಣ ಕಲ್ಲು ಹಾಕಬೇಡಿ. ಆಮೆ ನುಂಗುತ್ತದೆ, ಕರುಳು ಕಟ್ಟಿಕೊಳ್ಳುತ್ತದೆ. ನಮ್ಮ ಟ್ಯಾಂಕಿನ ತಳ ಖಾಲಿ. ನೋಡಲು ಚೆಂದ ಕಾಣುವುದಿಲ್ಲ, ತೊಳೆಯಲು ಸುಲಭ. ಊಟಕ್ಕೆ ಒಣಸೀಗಡಿ ಒಂದನ್ನೇ ಕೊಟ್ಟರೆ ಸಾಲದು. ಎ ಜೀವಸತ್ವ ಕಡಿಮೆಯಾಗಿ ಕಣ್ಣು ಊದಿ ಮುಚ್ಚಿಹೋಗುತ್ತವೆ. ಆಮೆಗೆಂದೇ ಮಾಡಿದ ಒಳ್ಳೆಯ ಆಹಾರದ ಗುಳಿಗೆ, ತುರಿದ ಕ್ಯಾರೆಟ್, ಲೆಟಸ್ ಎಲೆ ಕೊಡಿ. ಮರಿಗೆ ದಿನಾ, ಬೆಳೆದ ಆಮೆಗೆ ದಿನ ಬಿಟ್ಟು ದಿನ. ನೀರಿನಲ್ಲೇ ಹಾಕಿ, ಹೊರಗೆ ಅದಕ್ಕೆ ನುಂಗಲು ಬರುವುದಿಲ್ಲ.

ಚಿಕ್ಕ ಮಕ್ಕಳಿರುವ ಮನೆಯವರು ಈ ಭಾಗವನ್ನು ಗಮನವಿಟ್ಟು ಓದಿ. ಆರೋಗ್ಯವಾಗಿ ಕಾಣುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮಕ್ಕಳು ಮರಿಗಳನ್ನು ಬಾಯಿಗಿಟ್ಟು ಕಾಯಿಲೆ ಬೀಳುತ್ತಿದ್ದಾರೆಂದು ಅಮೆರಿಕದಲ್ಲಿ 1975ರಲ್ಲೇ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟ ನಿಲ್ಲಿಸಿದರು. ನಮ್ಮ ಶಾಲೆಯಲ್ಲಿ ನರ್ಸರಿ, ಎಲ್‌ಕೆಜಿ, ಯುಕೆಜಿ ಮಕ್ಕಳು ಆಮೆಯನ್ನು ನೋಡಬಹುದು, ಮುಟ್ಟುವಂತಿಲ್ಲ. ಉಳಿದವರು ನೀರು ಮುಟ್ಟಿದರೂ ಸೋಪು ಹಾಕಿ ಕೈ ತೊಳೆಯಬೇಕು. ಕೊಠಡಿಯ ಬಾಗಿಲಲ್ಲೇ ಬೇಸಿನ್ ಹಾಕಿಸಿದ್ದೇವೆ. ನಿಮ್ಮ ಮನೆಯಲ್ಲಿ ಆಮೆಯ ಡಬ್ಬವನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದರೆ ಇವತ್ತೇ ನಿಲ್ಲಿಸಿ.

ಇಷ್ಟೆಲ್ಲ ಓದಿ, "ನಮ್ಮಿಂದ ಆಗಲ್ಲ, ಕೆರೆಗೆ ಬಿಟ್ಟುಬರೋಣ" ಎಂದು ಯಾರಿಗಾದರೂ ಅನ್ನಿಸಿದರೆ, ಕೈಮುಗಿದು ಕೇಳಿಕೊಳ್ಳುತ್ತೇನೆ, ಬಿಡಬೇಡಿ. ದೇವಸ್ಥಾನದ ಕಲ್ಯಾಣಿಗೂ ಬಿಡಬೇಡಿ. ಪುಣ್ಯ ಬರಲೆಂದು ಭಕ್ತಿಯಿಂದ ಬಿಡುವವರಿದ್ದಾರೆ, ಅವರ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಈ ಆಮೆ ನಮ್ಮ ಕೆರೆಯ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ. ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ. ಯುರೋಪಿಯನ್ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ಕೇರಳದ ತ್ರಿಶೂರ್ ಕಡೆಯ ಕಾಲುವೆಗಳಲ್ಲಿ ಸಿಕ್ಕಿದೆ. ಪೀಚಿಯಲ್ಲಿರುವ ಅರಣ್ಯ ಸಂಶೋಧನಾ ಸಂಸ್ಥೆ ಹಾಗೆ ಸಿಕ್ಕವನ್ನು ಹಿಡಿದು ತರುವ ಕೆಲಸ ಮಾಡಿದೆ.

ಇದರ ಜೊತೆಗೆ ಇನ್ನೊಂದು ಮಾತು. ನಕ್ಷತ್ರ ಆಮೆಯನ್ನಾಗಲಿ ನಮ್ಮ ಕೆರೆ ಹೊಳೆಗಳ ಆಮೆಯನ್ನಾಗಲಿ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ವಾಸ್ತುಗೆ ಒಳ್ಳೆಯದೆಂದು ಯಾರಾದರೂ ತಂದುಕೊಟ್ಟಿದ್ದರೂ ಅಷ್ಟೇ. ಅಂಥದ್ದು ಮನೆಯಲ್ಲಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಮ್ಮ ಆಮೆ ಹೊರದೇಶದ್ದೇ ಎಂದು ಪಶುವೈದ್ಯರಿಂದ ಖಚಿತ ಮಾಡಿಕೊಂಡಿದ್ದೇವೆ, ಇಲಾಖೆಗೂ ಬರೆದು ತಿಳಿಸಿದ್ದೇವೆ.

ಹೊಸದಾಗಿ ಆಮೆ ಕೊಡಿಸಿ ಎಂದು ಮಗು ಹಟ ಮಾಡುತ್ತಿದ್ದರೆ ಕೊಡಿಸಬೇಡಿ, ನಮ್ಮ ಟ್ಯಾಂಕ್ ತೋರಿಸಲು ಕರೆದುಕೊಂಡು ಬನ್ನಿ. ಮುಂದಿನ ಶನಿವಾರ ಬೆಳಗ್ಗೆ 10ರಿಂದ 12ರವರೆಗೆ ಕೊಠಡಿ ತೆರೆದಿರುತ್ತದೆ. ಮನೆಯಲ್ಲಿ ಈಗಾಗಲೇ ಆಮೆ ಇರುವವರು ಅದರ ಚಿಪ್ಪಿನ ಉದ್ದ ಅಳೆದು ಬರೆದುಕೊಂಡು ಬಂದರೆ, ಎಷ್ಟು ದೊಡ್ಡ ಟ್ಯಾಂಕ್ ಬೇಕು, ಕಡಿಮೆ ಖರ್ಚಿನಲ್ಲಿ ಹೇಗೆ ಮಾಡಬಹುದು ಎಂದು ವಿಜ್ಞಾನ ಶಿಕ್ಷಕರು ಕೂತು ಲೆಕ್ಕ ಹಾಕಿಕೊಡುತ್ತಾರೆ. ಸಾಕಲು ನಿಜಕ್ಕೂ ಆಗದಿರುವವರು ಸಂಕೋಚ ಬಿಟ್ಟು ನನಗೆ ಹೇಳಿ. ಒಳ್ಳೆಯ ಜಾಗ ಇರುವ ಇನ್ನೊಂದು ಮನೆಯನ್ನು ಸೇರಿ ಹುಡುಕೋಣ.

ಈ ಪತ್ರದ ಜೊತೆ ಒಪ್ಪಿಗೆ ಚೀಟಿ ಇದೆ. ನಿಮ್ಮ ಮಗು ಆಮೆಯ ಆರೈಕೆಯಲ್ಲಿ ಕೈಜೋಡಿಸಬಹುದೇ ಎಂದು ಗುರುತು ಹಾಕಿ, ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ಕಳಿಸಿ. ಮಗುವಿಗೆ ಅಥವಾ ಮನೆಯಲ್ಲಿ ಯಾರಿಗಾದರೂ ರೋಗನಿರೋಧಕ ಶಕ್ತಿ ಕಡಿಮೆಯಿದ್ದರೆ ಅದನ್ನೂ ಬರೆಯಿರಿ. ಬೇಸಿಗೆ ರಜೆಯಲ್ಲಿ ಶಾಲೆಗೆ ಬಂದು ಊಟ ಹಾಕಿ ಫಿಲ್ಟರ್ ನೋಡಿಕೊಳ್ಳಲು ಹತ್ತಿರದ ಮನೆಯವರು ಕೆಲವರು ಬೇಕು. ಕರೆಂಟ್ ಹೋದರೆ ಯುಪಿಎಸ್‌ಗೆ ಬದಲಾಯಿಸುವುದು ಹೇಗೆಂದು ಕಾವಲುಗಾರರಿಗೆ ಆಗಲೇ ಕಲಿಸಿದ್ದೇವೆ. ಹೆಸರು ಕೊಡುವವರು ಚೀಟಿಯ ಹಿಂದೆ ಬರೆದರೆ ಸಾಕು.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ