ಫೆಂಗ್ ಶೂಯಿ ಅಂದರೆ ಮೊದಲು ನೆಲ ನೋಡಿ

ಸಂಪಾದಕರೇ,

ಫೆಂಗ್ ಶೂಯಿ ಅಂದ ಕೂಡಲೇ ಜನ ಗಾಳಿಗಂಟೆ, ನಗುವ ಬುದ್ಧನ ಗೊಂಬೆ ಹುಡುಕಿಕೊಂಡು ಹೋಗುತ್ತಾರೆ. ನನಗೆ ನಿಜಕ್ಕೂ ಬೇಸರವಾಗುತ್ತದೆ. ಆ ಪದದ ಅರ್ಥವೇ ಗಾಳಿ-ನೀರು ಅಲ್ವಾ? ಮನೆಗೆ ಜಾಗ ಆರಿಸುವ ಚೀನಾದ ಈ ಹಳೆಯ ಪದ್ಧತಿ ಮೊದಲು ನೋಡುವುದು ನೆಲದ ಏರಿಳಿತವನ್ನು.

ಮನೆಯ ಬೆನ್ನಿಗೆ ಗುಡ್ಡ ಇರಬೇಕು, ಅದನ್ನು ಅವರು 'ಕಪ್ಪು ಆಮೆ' ಅಂತ ಕರೆಯುತ್ತಾರೆ. ಬಾಗಿಲಲ್ಲಿ ನಿಂತು ಹೊರಗೆ ನೋಡಿದರೆ ಎಡಕ್ಕೆ 'ಹಸಿರು ಡ್ರ್ಯಾಗನ್', ಬಲಕ್ಕೆ 'ಬಿಳಿ ಹುಲಿ' ಅನ್ನುವ ದಿಬ್ಬಗಳಿರಬೇಕು, ಎಡದ ದಿಬ್ಬ ಬಲದ್ದಕ್ಕಿಂತ ತುಸು ಎತ್ತರ ಇದ್ದರೆ ಒಳ್ಳೆಯದು, ಮುಂದೆ ಮಾತ್ರ ತಗ್ಗಾಗಿ, ಬಯಲಾಗಿ ಇರಬೇಕು. ಯಾಕೆಂದರೆ 'ಚಿ' ಎಂಬ ಪ್ರಾಣಶಕ್ತಿ ಗಾಳಿಗೆ ಚದುರುತ್ತದೆ, ನೀರು ಕಂಡಲ್ಲಿ ನಿಲ್ಲುತ್ತದೆ ಅನ್ನೋದು ಅವರ ನಂಬಿಕೆ. ಗುಡ್ಡದ ನೆತ್ತಿಯ ಮೇಲೆ ಮನೆ ಬೇಡ ಅನ್ನುವುದೂ ಇದಕ್ಕೇ.

ಬೀಜಿಂಗ್ ಅರಮನೆಯ ಹಿಂದಿನ ಜಿಂಗ್‌ಶಾನ್ ಗುಡ್ಡ ನೋಡಿ. ಮಿಂಗ್ ದೊರೆಗಳ ಕಾಲದಲ್ಲಿ ಕಂದಕ ತೋಡಿದ ಮಣ್ಣು ಪೇರಿಸಿ ಮಾಡಿದ್ದು, ಸುಮಾರು 45 ಮೀಟರ್ ಎತ್ತರ!

ಸಪಾಟು ಜಾಗಕ್ಕೂ ಒಂದು ಮಾತಿದೆ: ಒಂದು ಇಂಚು ಏರಿದರೆ ಬೆಟ್ಟ, ಒಂದು ಇಂಚು ಇಳಿದರೆ ನೀರು. ಹಾಗಾಗಿ ಹಿಂದಿನ ಎತ್ತರದ ಕಟ್ಟಡವೂ ಬೆಟ್ಟವೇ, ಮುಂದಿನ ತಗ್ಗು ರಸ್ತೆಯೂ ನೀರೇ.

ಗೊಂಬೆಗಳ ಬಗ್ಗೆ ಜಾಸ್ತಿ ಬರೆಯುವ ಬದಲು ಇದರ ಬಗ್ಗೆ ಒಂದು ಒಳ್ಳೆಯ ಲೇಖನ ಬರೆಸಿ, ದಯವಿಟ್ಟು.

ನಿಮ್ಮ ಓದುಗ