ಶಾಲೆಗೆ ರಜೆ ಕೊಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ವಿದ್ಯಾರ್ಥಿಯೊಬ್ಬರ ಆತ್ಮಹತ್ಯೆಯ ಸುದ್ದಿ ಬಂದಾಗಲೆಲ್ಲ, ಅದರ ಕೊನೆಯಲ್ಲಿ ‘ಶೋಕಾರ್ಥವಾಗಿ ಶಾಲೆಗೆ ರಜೆ ಘೋಷಿಸಲಾಗಿದೆ’ ಎಂಬ ಸಾಲು ಕಾಣಿಸುವುದು ಮಾಮೂಲಾಗಿದೆ. ಆ ರಜೆಯ ಹಿಂದೆ ಸಂಕಟವಿದೆ, ಅಗಲಿದ ಮಗುವಿನ ಬಗ್ಗೆ ಗೌರವವೂ ಇದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಪ್ರೌಢಶಾಲೆಯಲ್ಲಿ ದೀರ್ಘಕಾಲ ಪಾಠ ಮಾಡಿ ನಿವೃತ್ತಳಾದ ನನಗೆ, ಆ ದಿನ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಬಾಗಿಲು ತೆರೆದ ಶಾಲೆ ಎಂದೇ ಅನಿಸುತ್ತದೆ. ಜೊತೆಯಲ್ಲಿ ಕುಳಿತು ಬಿಸಿಯೂಟ ಉಂಡ ಗೆಳತಿಯನ್ನೋ ಗೆಳೆಯನನ್ನೋ ಕಳೆದುಕೊಂಡ ಹದಿನಾಲ್ಕು, ಹದಿನೈದರ ಮಕ್ಕಳು ಅಪ್ಪ ಅಮ್ಮ ಕೂಲಿಗೋ ಕಚೇರಿಗೋ ಹೋದ ಮನೆಯಲ್ಲಿ ಮೊಬೈಲ್ ಹಿಡಿದು ಒಬ್ಬರೇ ಕೂರುತ್ತಾರೆ. ಏನಾಯಿತು, ಯಾಕಾಯಿತು ಎಂಬ ನೂರು ಬಗೆಯ ಮಾತುಗಳು ಆ ಮೊಬೈಲಿನಲ್ಲೇ ಅವರನ್ನು ತಲುಪುತ್ತವೆ. ‘ನಿನಗೆ ಹೇಗಿದೆ ಮಗೂ’ ಎಂದು ಕೇಳುವವರು ಮಾತ್ರ ಹತ್ತಿರದಲ್ಲಿ ಇರುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಯಂತೆ 2023ರಲ್ಲಿ ದೇಶದಲ್ಲಿ 13,892 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ತಡೆಯುವುದು ಹೇಗೆ ಎಂಬ ಚರ್ಚೆ ಅಷ್ಟಿಷ್ಟಾದರೂ ನಡೆಯುತ್ತಿದೆ. ಒಂದು ಸಾವು ಸಂಭವಿಸಿದ ಮೇಲೆ ಉಳಿದ ಮಕ್ಕಳನ್ನು, ಶಿಕ್ಷಕರನ್ನು, ಆ ಮನೆಯವರನ್ನು ಶಾಲೆ ಹೇಗೆ ಹಿಡಿದು ನಿಲ್ಲಿಸಬೇಕು ಎಂಬ ಮಾತು ಎಲ್ಲೂ ಕೇಳಿಬರುತ್ತಿಲ್ಲ. ಮೊದಲೇ ಒಳಗೊಳಗೆ ನೊಂದಿದ್ದ ಮಗುವಿಗೆ ಸಹಪಾಠಿಯ ಸಾವು ಅತ್ಯಂತ ಅಪಾಯದ ಕಾಲ. ಆದ್ದರಿಂದ ಆ ಸಾವಿನ ನಂತರದ ವಾರಗಳಲ್ಲಿ ಶಾಲೆ ಮಾಡುವ ಕೆಲಸವೇ ಮುಂದಿನದನ್ನು ತಡೆಯುವ ಕೆಲಸವೂ ಆಗಿರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಾಲೊ ಆಲ್ಟೊ ನಗರದ ಗನ್ ಹೈಸ್ಕೂಲಿನ ಅನುಭವವನ್ನು ನಮ್ಮ ಶಿಕ್ಷಣ ಇಲಾಖೆ ಅಭ್ಯಾಸ ಮಾಡುವುದು ಒಳ್ಳೆಯದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಗ್ಗುಲಲ್ಲಿರುವ ಈ ಸರ್ಕಾರಿ ಶಾಲೆಯಲ್ಲಿ ಸಿಲಿಕಾನ್ ಕಣಿವೆಯ ಎಂಜಿನಿಯರುಗಳ ಮಕ್ಕಳು ಓದುತ್ತಾರೆ, ಭಾರತೀಯ ಮೂಲದವರೂ ಅವರಲ್ಲಿದ್ದಾರೆ. ದುಡ್ಡಿಗಾಗಲಿ ಸೌಲಭ್ಯಕ್ಕಾಗಲಿ ಕೊರತೆಯಿಲ್ಲದ ಆ ಊರು 2009–10ರಲ್ಲಿ ಒಮ್ಮೆ, 2014–15ರಲ್ಲಿ ಮತ್ತೊಮ್ಮೆ, ತಿಂಗಳುಗಳ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಮಕ್ಕಳನ್ನು ಕಳೆದುಕೊಂಡಿತು. ಮೊದಲ ಸರಣಿಯ ನಂತರ ಶಾಲೆ, ನಗರಾಡಳಿತ, ವೈದ್ಯರು, ಪೋಷಕರು ಸೇರಿ ‘ಪ್ರಾಜೆಕ್ಟ್ ಸೇಫ್ಟಿ ನೆಟ್’ ಎಂಬ ಒಕ್ಕೂಟ ಕಟ್ಟಿಕೊಂಡರು. ಗೆಳೆಯರ ಮಾತನ್ನು ಕಿವಿಗೊಟ್ಟು ಕೇಳುವುದನ್ನು ಮತ್ತು ಹೊರಲಾರದ ಗುಟ್ಟನ್ನು ದೊಡ್ಡವರಿಗೆ ಮುಟ್ಟಿಸುವುದನ್ನು ಕಲಿತ ಮಕ್ಕಳ ಗುಂಪೊಂದು ಶಾಲೆಯೊಳಗೇ ಹುಟ್ಟಿತು. ಸಾವಿನ ಮರುದಿನ ತರಗತಿಯಲ್ಲಿ ಏನು ಹೇಳಬೇಕು, ಪೋಷಕರಿಗೆ ಹೇಗೆ ಬರೆಯಬೇಕು ಎಂಬುದರ ಮಾದರಿಗಳಿರುವ ಕೈಪಿಡಿಯನ್ನು ಅಲ್ಲಿನ ವೈದ್ಯರು ಮತ್ತು ಶಿಕ್ಷಣ ತಜ್ಞರು 2013ರಲ್ಲಿ ಸಿದ್ಧಪಡಿಸಿದರು. ಮಕ್ಕಳ ನಿದ್ದೆಗೆ ಕುತ್ತಾಗಿದ್ದ ನಸುಕಿನ ಪಾಠದ ಅವಧಿಯನ್ನು 2015ರಲ್ಲಿ ಕೈಬಿಡಲಾಯಿತು. 2016ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ತಂಡವೇ ಬಂದು ಆ ಜಿಲ್ಲೆಯ ಸಾವುಗಳನ್ನು ಅಧ್ಯಯನ ಮಾಡಿತು. ಹನ್ನೆರಡರಿಂದ ಇಪ್ಪತ್ತೈದರ ವಯಸ್ಸಿನವರು ನೇರವಾಗಿ ಒಳಗೆ ಹೋಗಿ ಸಹಾಯ ಕೇಳಬಹುದಾದ ಕೇಂದ್ರವೊಂದು ಅಲ್ಲಿ 2021ರಲ್ಲಿ ತೆರೆಯಿತು. ಇಷ್ಟೆಲ್ಲ ಆದ ಮೇಲೂ ಆ ಊರು ಕೆಲಸ ಮುಗಿಯಿತೆಂದು ಕೈತೊಳೆದುಕೊಂಡಿಲ್ಲ ಎಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು.

ನಮ್ಮ ಹಳ್ಳಿ, ಪಟ್ಟಣಗಳ ಶಾಲೆಗಳಲ್ಲಿ ಇಷ್ಟು ಅನುಕೂಲವಿಲ್ಲ, ನಿಜ. ಆದರೆ ಮೊದಲ ದಿನದ ಕೆಲಸಕ್ಕೆ ದುಡ್ಡು ಬೇಕಾಗಿಲ್ಲ. ಬೆಳಗಿನ ಹಾಜರಿಯನ್ನೇ ನೋಡಿ. ಹತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ಆ ಹೆಸರು ಹಾಗೇ ಇರುತ್ತದೆ. ಶಿಕ್ಷಕಿ ಒಂದೊಂದೇ ಹೆಸರು ಕೂಗುತ್ತಾ ಬಂದಂತೆ ಆ ಹೆಸರಿಗೆ ಇನ್ನೆಷ್ಟು ಉಳಿಯಿತು ಎಂದು ಇಡೀ ತರಗತಿ ಉಸಿರು ಬಿಗಿಹಿಡಿದು ಎಣಿಸುತ್ತಿರುತ್ತದೆ. ಕೂಗಿದರೆ ಒಂದು ಸಂಕಟ, ಏನೂ ಆಗಿಲ್ಲವೆಂಬಂತೆ ದಾಟಿಸಿದರೆ ಅದಕ್ಕಿಂತ ದೊಡ್ಡ ಸಂಕಟ. ಆ ದಿನ ಹಾಜರಿ ಕೂಗುವ ಮೊದಲೇ, ಮಕ್ಕಳಿಗೆ ಚೆನ್ನಾಗಿ ಪರಿಚಯವಿರುವ ಶಿಕ್ಷಕರೊಬ್ಬರು ತರಗತಿಗೆ ಬಂದು, ಮನೆಯವರು ಒಪ್ಪಿದಷ್ಟು ಸತ್ಯವನ್ನು ಸರಳ ಮಾತಿನಲ್ಲಿ ತಿಳಿಸಬೇಕು. ಹೇಗೆ ಸಂಭವಿಸಿತು ಎಂಬ ವಿವರಕ್ಕೆ ಹೋಗಬಾರದು. ಇದಕ್ಕೆ ಇಂಥದ್ದೊಂದೇ ಕಾರಣವೆಂದು ಹೇಳಲಾಗದು, ಇದರಲ್ಲಿ ನಿಮ್ಮ ಯಾರ ತಪ್ಪೂ ಇಲ್ಲ, ಅಳು ಬಂದರೆ ಅಳಬಹುದು, ಬಾರದಿದ್ದರೂ ಅದು ತಪ್ಪಲ್ಲ ಎಂಬಷ್ಟನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಾರ್ಥನೆಗೆ ನಿಂತ ಇಡೀ ಶಾಲೆಯೆದುರು ಮೈಕಿನಲ್ಲಿ ಹೇಳುವ ಸುದ್ದಿ ಇದಲ್ಲ. ಸಾವಿರ ಕಣ್ಣುಗಳ ನಡುವೆ ಕುಸಿದು ಕೂತ ಮಗುವನ್ನು ಗುರುತಿಸಲೂ ಆಗುವುದಿಲ್ಲ.

ಖಾಲಿ ಉಳಿದ ಬೆಂಚಿನ ಜಾಗವನ್ನೂ ಅವಸರದಲ್ಲಿ ಬದಲಿಸಬಾರದು. ಪಕ್ಕದಲ್ಲಿ ಕೂರುತ್ತಿದ್ದವರನ್ನು ಕೇಳಿ, ಕೆಲವು ದಿನ ಬಿಟ್ಟು, ಎಲ್ಲರ ಜಾಗವನ್ನೂ ಒಟ್ಟಿಗೇ ಬದಲಾಯಿಸುವುದು ಒಳ್ಳೆಯ ಕ್ರಮ. ಪರೀಕ್ಷೆಯ ಪ್ರವೇಶ ಪತ್ರಗಳು ಬಂದಾಗ ಆ ಕಂತೆಯಲ್ಲಿ ಅಗಲಿದ ಮಗುವಿನ ಹೆಸರಿನದೂ ಇರಬಹುದು. ಹಂಚುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಒಪ್ಪಿಸುವ ಮೊದಲು ಮುಖ್ಯ ಶಿಕ್ಷಕರು ಅದನ್ನು ತಾವೇ ನೋಡಿ ತೆಗೆದಿಡಬೇಕು. ಗೇಟಿನ ಮುಂದೆ ಆಳೆತ್ತರದ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟುವುದನ್ನು ಶಾಲೆ ನಯವಾಗಿ ತಡೆಯಬೇಕು. ಕಾಯಿಲೆಯಿಂದಲೋ ಅಪಘಾತದಿಂದಲೋ ತೀರಿಕೊಂಡ ಮಗುವಿಗೆ ಯಾವ ರೀತಿ ನಮನ ಸಲ್ಲಿಸುತ್ತೇವೋ ಇಲ್ಲಿಯೂ ಅದೇ ರೀತಿ ಇರಲಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ವೈಭವದ ಶ್ರದ್ಧಾಂಜಲಿಯನ್ನು ನೋಡುತ್ತಾ ನಿಂತ ಇನ್ನೊಂದು ನೊಂದ ಮಗುವಿನ ಮನಸ್ಸಿನಲ್ಲಿ ಏನು ಓಡುತ್ತಿರುತ್ತದೆ ಎಂಬುದನ್ನು ದೊಡ್ಡವರು ಯೋಚಿಸಬೇಕು.

ಆ ಮಗುವಿನ ತಮ್ಮನೋ ತಂಗಿಯೋ ಅದೇ ಶಾಲೆಯ ಎಂಟನೇ ತರಗತಿಯಲ್ಲಿ ಇರಬಹುದು. ತಿಥಿ ಮುಗಿಸಿ ಮರಳಿ ಬರುವ ಆ ಮಗುವನ್ನು ಗೇಟಿನಲ್ಲಿ ಎದುರುಗೊಳ್ಳುವವರು ಯಾರು, ಪಾಠದ ನಡುವೆ ಎದ್ದು ಹೋಗಬೇಕೆನಿಸಿದರೆ ಎಲ್ಲಿ ಕೂರಬೇಕು ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಪೊಲೀಸರು ಸಹಪಾಠಿಗಳನ್ನು ವಿಚಾರಿಸಲು ಬಂದಾಗ ಮಕ್ಕಳ ಜೊತೆ ಪೋಷಕರೋ ಶಿಕ್ಷಕರೋ ಇರಬೇಕೆಂದು ಮುಖ್ಯ ಶಿಕ್ಷಕರು ಗಟ್ಟಿಯಾಗಿ ಕೇಳಬೇಕು. ಶಿಕ್ಷಕರ ಮಾತನ್ನಂತೂ ಯಾರೂ ಎತ್ತುವುದೇ ಇಲ್ಲ. ಹಿಂದಿನ ದಿನವಷ್ಟೇ ಆ ಮಗುವಿಗೆ ಮನೆಪಾಠ ಬರೆದಿಲ್ಲವೆಂದು ಗದರಿದವರು ಅದನ್ನು ಯಾರೊಡನೆಯೂ ಹೇಳಿಕೊಳ್ಳಲಾರದೆ ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ. ಶಾಲೆಗೆ ಬರುವ ಆಪ್ತ ಸಮಾಲೋಚಕರು ಮಕ್ಕಳೊಡನೆ ಕುಳಿತಷ್ಟೇ ಹೊತ್ತು ಇವರೊಡನೆಯೂ ಕೂರಬೇಕು.

ಇದಕ್ಕೆ ಬೇಕಾದ ಆಧಾರ ನಮ್ಮಲ್ಲಿ ಈಗಾಗಲೇ ಇದೆ. ಸುಪ್ರೀಂ ಕೋರ್ಟ್ 2025ರ ಜುಲೈ 25ರಂದು ನೀಡಿದ ತೀರ್ಪಿನ ಮಾರ್ಗಸೂಚಿಗಳಂತೆ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರು ಇರಬೇಕು, ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು, ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ಕೊಡಬೇಕು, ಸಹಾಯವಾಣಿಯ ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ಹಗಲೂ ರಾತ್ರಿ ಉಚಿತವಾಗಿ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ದೊರೆಯುತ್ತದೆ. 2022ರಲ್ಲಿ ಆರಂಭವಾದ ಆ ಸೇವೆಯ ಕೇಂದ್ರ ಸ್ಥಾನ ಬೆಂಗಳೂರಿನ ನಿಮ್ಹಾನ್ಸ್. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದಿಂದ. ಇಡೀ ದೇಶಕ್ಕೆ ಮಾದರಿ ಕೊಟ್ಟ ರಾಜ್ಯದಲ್ಲಿ, ಸಾವು ಸಂಭವಿಸಿದ ಶಾಲೆಗೆ ಮರುದಿನ ಬೆಳಗ್ಗೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ತಂಡ ಹೋಗುವುದು ಅಸಾಧ್ಯವೆಂದು ನಾನು ನಂಬುವುದಿಲ್ಲ. ಒಂದು ದಿನ ಬಂದು ಭಾಷಣ ಮಾಡಿ ಹೋದರೆ ಮಾತ್ರ ಏನೂ ಪ್ರಯೋಜನವಿಲ್ಲ. ಮೊದಲ ವಾರ, ಮೊದಲ ತಿಂಗಳು, ಪರೀಕ್ಷೆಯ ಹೊತ್ತು, ಫಲಿತಾಂಶದ ದಿನ, ಮರುವರ್ಷ ಅದೇ ತಾರೀಖು, ಈ ಎಲ್ಲ ಸಂದರ್ಭಗಳಲ್ಲೂ ಅದೇ ಮುಖಗಳು ಆ ಶಾಲೆಯಲ್ಲಿ ಕಾಣಿಸಬೇಕು.

ತಮ್ಮ ಪತ್ರಿಕೆಯಲ್ಲೂ ಒಂದು ವಿನಂತಿ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ಅಂಗೀಕರಿಸಿದ ಮಾರ್ಗಸೂಚಿಗಳು, ಇಂಥ ಸುದ್ದಿಯಲ್ಲಿ ವಿಧಾನವನ್ನು ವಿವರಿಸಬಾರದು, ಸ್ಥಳದ ವಿವರ ಕೊಡಬಾರದು, ಭಾವಚಿತ್ರ ಬಳಸಬಾರದು, ರೋಚಕ ತಲೆಬರಹ ಬೇಡ ಎನ್ನುತ್ತವೆ. ಸಮವಸ್ತ್ರದಲ್ಲಿರುವ ಮಗುವಿನ ಚಿತ್ರ, ಕೈಬರಹದ ಪತ್ರದ ಪ್ರತಿ, ‘ಅಂಕ ಕಡಿಮೆ ಬಂದದ್ದಕ್ಕೆ’ ಎಂಬ ಒಂದೇ ಸಾಲಿನ ಕಾರಣ ಇವುಗಳನ್ನು ಮರುದಿನ ಸಹಪಾಠಿಗಳು ಓದುತ್ತಾರೆ. ಅದರ ಬದಲು ಸುದ್ದಿಯ ಕೆಳಗೆ ಪ್ರತಿ ಸಲವೂ ಸಹಾಯವಾಣಿಯ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕೆಂದು ಕೋರುತ್ತೇನೆ.

ಶಾಲಾ ಶಿಕ್ಷಣ ಇಲಾಖೆಯಲ್ಲಿ ನನ್ನ ಮನವಿ ಇಷ್ಟೇ: ಬರುವ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲು ಪ್ರತಿ ಪ್ರೌಢಶಾಲೆಯೂ ಒಂದು ಪುಟದ ಲಿಖಿತ ಯೋಜನೆ ಮಾಡಿಕೊಳ್ಳುವಂತೆ ಸುತ್ತೋಲೆ ಹೊರಡಿಸಬೇಕು. ಸುದ್ದಿ ತಿಳಿದ ಕೂಡಲೇ ಆ ಮನೆಗೆ ಹೋಗುವವರು ಯಾರು, ತರಗತಿಯಲ್ಲಿ ಮಾತನಾಡುವವರು ಯಾರು, ಹತ್ತಿರದ ಗೆಳೆಯರ ಮನೆಗಳಿಗೆ ಅಂದೇ ಸಂಜೆ ಫೋನ್ ಮಾಡುವವರು ಯಾರು, ತಾಲ್ಲೂಕು ಆಸ್ಪತ್ರೆಯಲ್ಲಿ ಯಾರನ್ನು ಸಂಪರ್ಕಿಸಬೇಕು, ಪತ್ರಕರ್ತರಿಗೆ ಉತ್ತರ ಕೊಡುವವರು ಯಾರು ಎಂಬ ಹೆಸರುಗಳು ಅದರಲ್ಲಿರಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲಾ ತಪಾಸಣೆಗೆ ಹೋದಾಗ ಕಟ್ಟಡ, ಶೌಚಾಲಯ, ಬಿಸಿಯೂಟದ ಲೆಕ್ಕಗಳೊಂದಿಗೆ ಆ ಪುಟವನ್ನೂ ಕೇಳಿ ನೋಡಬೇಕು.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಸಾಗರ